ಗಾಳಿ ಬಂತು, ತೂರಿಕೊಂಡವರು ಯಾರು?

ಗಾಳಿ ಬಂದಾಗ ತೂರಿಕೋ ಅಂತ ಗಾದೆ. ಸುಳ್ಳಲ್ಲ. ಆದರೆ ತೂರಬೇಕಾದರೆ ಕಣ ಬೇಕು, ಕಣದಾಗ ರಾಶಿ ಬೇಕು, ರಾಶಿಗೆ ಹೊಲ ಬೇಕು. ಈ ಮೂರೂ ಇಲ್ಲದವನಿಗೆ ಗಾಳಿ ಬಂದರೆ ಕಣ್ಣಿಗೆ ಹೊಟ್ಟು ಬೀಳುತ್ತದೆ, ಅಷ್ಟೆ.

ನಮ್ಮ ಮುತ್ತಜ್ಜಂದಿರು ಹಾಗೆ ಹೊಟ್ಟು ಬೀಳಿಸಿಕೊಂಡವರು. ಊರವರ ಕಣ ಮಾಡಿದರು, ಹಂತಿ ಹೊಡೆದರು, ಗಾಳಿಯ ದಿಕ್ಕು ನೋಡಿ ಜೋಳ ತೂರಿದರು. ರಾಶಿ ಚೀಲಕ್ಕೆ ಬಿದ್ದು ಬಂಡಿ ಹತ್ತಿದ ಮೇಲೆ ಕಣದಲ್ಲಿ ಉಳಿದ ಮಣ್ಣುಗೂಡಿದ ಕಾಳು ಬಳಿದುಕೊಂಡು ಕೇರಿಗೆ ಬಂದರು. ಅದಕ್ಕೆ ಆಯ ಅಂತ ಹೆಸರಿಟ್ಟರು. ಕೂಲಿ ಅನ್ನಲಿಲ್ಲ, ಪಾಲು ಅನ್ನಲಿಲ್ಲ. ಬಗ್ಗಿ ನಿಂತು ಉಡಿಯೊಡ್ಡಿ ಇಸಿದುಕೊಳ್ಳುವ ಆಯ. ಆ ಆಯವನ್ನು ನಾವು ಮರಳಿ ಕೇಳುತ್ತಿಲ್ಲ, ಅದರ ಅವಮಾನ ನಮಗೆ ಸಾಕು. ಆದರೆ ಒಂದು ಮಾತು ಹೇಳಲೇಬೇಕು. ಆ ಕಾಲದ ಗೌಡನೂ ತೂರಿದವನ ಮುಂದೆ ಒಂದು ಮೊರ ಕಾಳು ಸುರಿಯದೆ ಮನೆಗೆ ಹೋಗುವಂತಿರಲಿಲ್ಲ. ಇವತ್ತು ನಮ್ಮ ಸೀಮೆಯಲ್ಲಿ ಹೊಸ ರಾಶಿ ನಡೆದಿದೆ. ಗಾಳಿಯದೇ ರಾಶಿ. ಇದರಲ್ಲಿ ನಮಗೆ ಆ ಒಂದು ಮೊರವೂ ಇಲ್ಲ.

ಗಜೇಂದ್ರಗಡದ ಗುಡ್ಡ ಹತ್ತಿ ನಿಂತು ನೋಡ್ರಿ ಗೆಳೆಯರೆ. ಗುಡ್ಡದ ಸಾಲಿನಿಂದ ಹಿಡಿದು ನರೇಗಲ್ಲಿನ ಕಡೆಗೆ, ರೋಣದ ಎರಿ ಹೊಲಗಳ ಕಡೆಗೆ ಬಿಳಿ ಕಂಬಗಳು. ಒಂದೊಂದೂ ನೂರು ಮೀಟರಿನ ಆಸುಪಾಸಿನ ಎತ್ತರ, ಮೂರು ಮೂರು ರೆಕ್ಕೆ. ನಮ್ಮ ಜನ ಅದಕ್ಕೆ ಫ್ಯಾನ್ ಅಂತ ಕರೆಯುತ್ತಾರೆ. ಆಷಾಢದಲ್ಲಿ ನಮ್ಮ ತಗಡಿನ ಮನೆಗಳ ಮೇಲೆ ಕಲ್ಲು ಹೇರಿ ಹಿಡಿದುಕೊಳ್ಳುತ್ತೇವಲ್ಲ, ಅದೇ ಗಾಳಿ ಅಲ್ಲಿ ಮೇಲೆ ರೊಕ್ಕವಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ ಅನ್ನುವುದು ವಿಜ್ಞಾನ. ಮುಂಗಾರಿನ ಗಾಳಿಗೆ ಬಂಡವಾಳ ಇಷ್ಟು ದೂರ ಹುಡುಕಿಕೊಂಡು ಬಂದದ್ದು ಅದಕ್ಕೇ. 2024-25ರ ಒಂದೇ ವರ್ಷದಲ್ಲಿ ಕರ್ನಾಟಕ 1,331 ಮೆಗಾವಾಟ್ ಗಾಳಿ ವಿದ್ಯುತ್ತಿನ ಯಂತ್ರ ಹೊಸದಾಗಿ ನಿಲ್ಲಿಸಿ ದೇಶಕ್ಕೇ ಮೊದಲು ಬಂತು. ಪೇಪರಿನಾಗ ಫೋಟೋ ಬಂತು. ನಮ್ಮ ಕೇರಿಯ ಮುದುಕಿ ಒಬ್ಬಾಕೆ ಕಂಬ ನೋಡಿಕೊಂಡು ಕೇಳಿದಳು: ‘ಅಲ್ಲೋ ತಮ್ಮಾ, ಗಾಳಿಗೂ ಉತಾರ ಐತೇನು?’

ಈ ಬರಹ ಆ ಮುದುಕಿಯ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ.

ಶಾಲೆಯಲ್ಲಿ ನಮಗೆ ಎರಡು ಪಟ್ಟಿ ಬಾಯಿಪಾಠ ಮಾಡಿಸಿದರು. ಕಲ್ಲಿದ್ದಲು, ಪೆಟ್ರೋಲು, ಅನಿಲ, ಇವು ನವೀಕರಿಸಲಾಗದವು. ಸೂರ್ಯ, ಗಾಳಿ, ನೀರು, ಇವು ನವೀಕರಿಸಬಹುದಾದವು. ಮೊದಲನೆಯದು ಮುಗಿಯುತ್ತದೆ, ಹೊಗೆ ಕಾರುತ್ತದೆ, ಕೆಟ್ಟದ್ದು. ಎರಡನೆಯದು ಮುಗಿಯುವುದಿಲ್ಲ, ಶುದ್ಧ, ಒಳ್ಳೆಯದು. ನಾಲ್ಕು ಅಂಕದ ಪ್ರಶ್ನೆ, ಪೂರ್ತಿ ಅಂಕ ತೆಗೆದೆವು. ನಮ್ಮ ಮನೆತನಗಳಲ್ಲಿ ಡಿಗ್ರಿ ಕಂಡ ಮೊದಲ ತಲೆ ನಾವು. ಪುಸ್ತಕ ಹೇಳಿದ್ದನ್ನೆಲ್ಲ ನಂಬಿದೆವು. ಕಲ್ಲಿದ್ದಲು ಯಾರ ಕೈಯಲ್ಲಿ, ಗಾಳಿ ಯಾರ ಕೈಯಲ್ಲಿ ಅನ್ನುವ ಕಾಲಂ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಮಾಸ್ತರರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ, ನಾವು ಕಲ್ಲಿದ್ದಲಿನ ವಕೀಲರಲ್ಲ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ ಶಕ್ತಿನಗರ ಉರಿಯಬೇಕಾದರೆ ಸಿಂಗರೇಣಿಯಿಂದ, ಒಡಿಶಾದ ಗಣಿಗಳಿಂದ ರೈಲು ಬರಬೇಕು. ಆ ಗಣಿ ತೋಡುವುದಕ್ಕೆ ಯಾರ ಹಾಡಿ, ಯಾರ ಕಾಡು ಹೋಯಿತು ಅಂತ ಆದಿವಾಸಿಗಳನ್ನು ಕೇಳಿ. ಕೃಷ್ಣೆ ದಾಟಿದರೆ ಕೂಡಗಿ, ಅಲ್ಲಿ 2,400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರ. 2014ರ ಜುಲೈನಲ್ಲಿ ಅದನ್ನು ವಿರೋಧಿಸಿದ ರೈತರ ಮೇಲೆ ಗುಂಡು ಹಾರಿತು. ಕಲ್ಲಿದ್ದಲಿನ ಹೊಗೆ ಮಳೆಯನ್ನು ಹುಚ್ಚು ಹಿಡಿಸಿದೆ ಅನ್ನುವುದನ್ನು ನಾವು ಪುಸ್ತಕ ಓದಿ ನಂಬಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ, ರೋಣ ತಾಲ್ಲೂಕಿನ ಹೊಳೆಆಲೂರಿಗೆ ನುಗ್ಗಿತು. ನಾಲ್ಕು ವರ್ಷಕ್ಕೆ, 2023ರಲ್ಲಿ, ಅದೇ ಹೊಲಗಳು ಬರದಿಂದ ಸೀಳಿದವು. ತಗ್ಗಿನಲ್ಲಿ ಕೇರಿ ಕಟ್ಟಿಸಿದವರು ಯಾರು, ನೀರು ಬಂದಾಗ ಮೊದಲು ಮುಳುಗುವವರು ಯಾರು, ಬಿಡಿಸಿ ಹೇಳಬೇಕೆ? ಗಾಳಿಯಿಂದ ಕರೆಂಟು ಬರಲಿ, ಬೇಕಾದಷ್ಟು ಬರಲಿ. ನಮ್ಮ ತಕರಾರು ಫ್ಯಾನಿನ ಮೇಲಲ್ಲ. ಅದರ ಬುಡದ ಮೇಲೆ.

ಬುಡದ ಕಥೆ ಒಂದು ಹೇಳುತ್ತೇವೆ.

ನಮ್ಮ ಗೆಳೆಯನ ಅಪ್ಪ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಎರಿ ಹೊಲ ಲಾವಣಿಗೆ ಮಾಡುತ್ತಾನೆ. ಹನ್ನೊಂದು ವರ್ಷದಿಂದ ಮಾಡುತ್ತಾನೆ. ಹೊಲದ ಧಣಿ ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ವರ್ಷಕ್ಕೊಮ್ಮೆ ಬಂದು ಲಾವಣಿ ರೊಕ್ಕ ಎಣಿಸಿಕೊಂಡು, ಬದುವಿನ ಬೇವಿನ ಮರದ ಕೆಳಗೆ ಚಾ ಕುಡಿದು ಹೋಗುತ್ತಾನೆ. ಚಾದ ಲೋಟ ಅವನೇ ತರುತ್ತಾನೆ, ಅದು ಬೇರೆ ಮಾತು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಒಂದು ವರ್ಷ ಕಡಲೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಒಂದು ಕಂಪನಿಯ ಜನ ಕೆಂಪು ಬಾವುಟದ ಕಡ್ಡಿ ನೆಟ್ಟು ಹೋದರು. ವಾರ ಕಳೆಯುವುದರೊಳಗೆ ಕ್ರೇನ್ ಬಂತು. ಅದರ ಹಿಂದೆ ರೆಕ್ಕೆ ಹೊತ್ತ ಲಾರಿ. ಆ ಲಾರಿ ತಿರುಗಬೇಕಾದರೆ ಹೊಲದ ಮೂಲೆ ಸಾಲುವುದಿಲ್ಲ, ಅರ್ಧ ಹೊಲವೇ ಬೇಕು. ಬೆಳೆದು ನಿಂತ ಕಡಲೆಯ ಮೇಲೆ ಗರಸು ಸುರಿದರು. ‘ಪರಿಹಾರ ಕೊಡ್ತೀವಿ’ ಅಂದರು. ಕೊಟ್ಟರು, ಸುಳ್ಳು ಹೇಳಬಾರದು. ಯಾರಿಗೆ? ಉತಾರದಲ್ಲಿ ಹೆಸರಿದ್ದವನಿಗೆ. ಹುಬ್ಬಳ್ಳಿಯ ಖಾತೆಗೆ ಜಮಾ ಆಯಿತು. ಬೀಜ ಗೆಳೆಯನ ಅಪ್ಪನದು, ಗೊಬ್ಬರ ಅವನದು, ಬಡ್ಡಿ ಸಾಲ ಅವನದು, ಎರಡು ಸಲ ಕಳೆ ತೆಗೆದ ಕೈ ನಮ್ಮವ್ವಂದಿರದು. ಪರಿಹಾರ ಮಾತ್ರ ಉತಾರದ್ದು.

ಅವನು ಕಂಪನಿಯ ಆಫೀಸಿಗೆ ಹೋದ. ನಾವೂ ಹೋದೆವು, ಡಿಗ್ರಿ ಓದಿದವರು ಜೊತೆಗಿದ್ದರೆ ಬೆಲೆ ಇರುತ್ತದೆ ಅಂತ. ಒಳಗೆ ಕುಳಿತ ಹುಡುಗ ನಮ್ಮದೇ ವಯಸ್ಸಿನವನು, ಕೆಟ್ಟವನಲ್ಲ. ‘ಅಣ್ಣಾರ, ನಿಮ್ದು ಕರೆಕ್ಟ್ ಐತ್ರಿ, ಆದ್ರ ನಮಗ ಕಾಗದ ಬೇಕಲ್ರಿ. ಲಾವಣಿ ಕಾಗದ ಐತೇನ್ರಿ?’ ಅಂದ. ಲಾವಣಿಗೆ ಕಾಗದ! ಈ ಸೀಮೆಯಲ್ಲಿ ಲಾವಣಿ ನಡೆಯುವುದು ಬಾಯಿಮಾತಿನ ಮೇಲೆ. ಕಾಗದ ಮಾಡಿಕೊಟ್ಟರೆ ನಾಳೆ ಉಳುವವನೇ ಒಡೆಯ ಅಂತ ಬಂದು ಕೂತಾನು ಅಂತ ಧಣಿಗಳಿಗೆ 1974ರಿಂದ ಹೆದರಿಕೆ. ಆ ವರ್ಷದ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟಿತು, ಒಳ್ಳೆಯದೇ. ಗೇಣಿದಾರನೂ ಅಲ್ಲದೆ ಬರೀ ಆಳಾಗಿದ್ದ ನಮ್ಮ ಅಜ್ಜಂದಿರಿಗೆ ಏನು ಕೊಟ್ಟಿತು? ಗೇಣಿ ಅನ್ನುವುದು ಕಾಗದದ ಮೇಲೆ ಸತ್ತಿತು, ಹೊಲದಲ್ಲಿ ಲಾವಣಿಯಾಗಿ ಬದುಕಿತು. ಕಾಗದದ ಮೇಲೆ ಇಲ್ಲದವನು ಪರಿಹಾರದ ಪಟ್ಟಿಯಲ್ಲಿ ಎಲ್ಲಿಂದ ಇರಬೇಕು?

ಮರು ವರ್ಷ ಧಣಿ ಬಂದು ಲಾವಣಿ ಏರಿಸಿದ. ‘ಫ್ಯಾನ್ ಬಂದ ಹೊಲ ಅಪಾ, ಈಗ ರೇಟ್ ಬ್ಯಾರೆ’ ಅಂದ. ಫ್ಯಾನಿನ ಬಾಡಿಗೆ ಅವನಿಗೆ, ಫ್ಯಾನಿನ ಹೆಸರಲ್ಲಿ ಏರಿದ ಲಾವಣಿಯೂ ಅವನಿಗೆ. ಫ್ಯಾನಿಗೂ ದಾರಿಗೂ ಹೋದ ನೆಲ ಲಾವಣಿಯಲ್ಲಿ ಕಡಿಮೆ ಆಯಿತೇನು? ಇಲ್ಲ.

ನಮ್ಮ ಎಡಪಂಥದ ಗೆಳೆಯರೊಬ್ಬರು ಇದನ್ನು ಕೇಳಿ ‘ಇದು ಬಂಡವಾಳಶಾಹಿಯ ಶೋಷಣೆ’ ಅಂದರು. ಹೌದು, ಅರ್ಧ ಹೌದು. ಇನ್ನರ್ಧ ಅವರ ಬಾಯಿಗೆ ಬರಲಿಲ್ಲ. ಮುಂಬಯಿಯಿಂದಲೋ ದಿಲ್ಲಿಯಿಂದಲೋ ಬಂದ ಬಂಡವಾಳಕ್ಕೆ ರೋಣದ ಜಾತಿ ಗೊತ್ತಿರಲಿಲ್ಲ. ಅದು ಬಂದು ಕೇಳಿದ್ದು ಉತಾರ. ಉತಾರ ತೆಗೆದರೆ ಅಲ್ಲಿ ಜಾತಿ ಮೊದಲೇ ಬರೆದು ಕೂತಿತ್ತು. ಪಾಪ, ಬಂಡವಾಳಕ್ಕೆ ಏನೂ ಶ್ರಮವಾಗಲಿಲ್ಲ. ಏಜೆಂಟ ಆದವನು ಯಾರು? ಗೌಡರ ಮನೆಯ ಹುಡುಗ. ಗರಸಿನ ಗುತ್ತಿಗೆ ಹಿಡಿದವನು ಯಾರು? ಅವನ ಅಳಿಯ. ಕೇರಿಗೆ ಬಂದದ್ದು ತಗ್ಗು ತೋಡುವ ನಾಲ್ಕು ದಿನದ ಕೂಲಿ, ಆಮೇಲೆ ಒಬ್ಬಿಬ್ಬರಿಗೆ ವಾಚ್‌ಮನ್ ಕೆಲಸ. ನಮ್ಮ ಅಜ್ಜ ಊರಿನ ತಳವಾರಿಕೆ ಮಾಡಿದ. ನಮ್ಮ ತಮ್ಮ ಫ್ಯಾನಿನ ತಳವಾರಿಕೆ ಮಾಡುತ್ತಾನೆ. ಕೋಲು ಹೋಗಿ ಟಾರ್ಚು ಬಂದಿದೆ.

ಇನ್ನು ಕಾನೂನಿನ ಮಾತು. ರೈತ ಸಂಘಟನೆಯ ಗೆಳೆಯರಿಗೂ ಇದು ಬೇಕು. ಒಂದು ಸಿಮೆಂಟ್ ಕಾರ್ಖಾನೆ ಬರಬೇಕಾದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಜಿಲ್ಲಾಧಿಕಾರಿಯ ಕಡೆಯವರು ಬಂದು ಕೂರಬೇಕು, ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು. ಹೊಲ ಇಲ್ಲದವನೂ ಮಾತಾಡಬಹುದು, ಅದು ಮುಖ್ಯ. ಗಾಳಿ ವಿದ್ಯುತ್ ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಶುದ್ಧವಲ್ಲವೇ, ಶುದ್ಧವಾದದ್ದಕ್ಕೆ ಅಹವಾಲು ಯಾಕೆ? (ಶುದ್ಧ ಅನ್ನುವ ಶಬ್ದ ಕೇಳಿದಾಗಲೆಲ್ಲ ನಮ್ಮ ಮೈ ಯಾಕೆ ಉರಿಯುತ್ತದೆ ಅಂತ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.) ಸರಕಾರ ಭೂಮಿ ವಶಪಡಿಸಿಕೊಂಡರೆ 2013ರ ಕಾಯ್ದೆಯಂತೆ ಕೂಲಿಕಾರರನ್ನೂ ಸಂತ್ರಸ್ತರೆಂದು ಎಣಿಸಬೇಕು. ಕಂಪನಿ ನೇರವಾಗಿ ಹೊಲದೊಡೆಯನ ಜೊತೆ ಬಾಡಿಗೆ ಕರಾರು ಮಾಡಿಕೊಂಡರೆ ಆ ಎಣಿಕೆಯೂ ಇಲ್ಲ. ಇಬ್ಬರ ನಡುವಿನ ವ್ಯವಹಾರ, ಮೂರನೆಯವನು ಯಾಕೆ ಬಾಯಿ ಹಾಕಬೇಕು?

2011ರಲ್ಲಿ ಇದೇ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಯನ್ನು ಜನ ಓಡಿಸಿದರು. ಯಾಕೆ ಓಡಿಸಲಿಕ್ಕಾಯಿತು? ಭೂಸ್ವಾಧೀನದ ನೋಟೀಸಿತ್ತು. ಹರಿದು ಹಾಕಲಿಕ್ಕೆ ಒಂದು ಕಾಗದವಿತ್ತು. ಗಾಳಿ ಕಂಪನಿ ನೋಟೀಸು ಕೊಡುವುದಿಲ್ಲ. ಒಬ್ಬೊಬ್ಬನ ಮನೆಗೆ ಬಂದು ಅಡ್ವಾನ್ಸು ಕೊಡುತ್ತದೆ.

ಈ ಗಾಳಿಯ ಕರೆಂಟು ಎಲ್ಲಿಗೆ ಹೋಗುತ್ತದೆ? ನಮ್ಮ ಹಳ್ಳಿಯ ಹುಡುಗರು ಕಂಬದ ಕೆಳಗೆ ನಿಂತು ‘ನಮ್ಮೂರ ಕರೆಂಟು’ ಅಂತ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕೇಂದ್ರ ಸರಕಾರ 2025ರ ಜೂನ್ 30ರೊಳಗೆ ಶುರುವಾಗುವ ಗಾಳಿ, ಬಿಸಿಲು ಯೋಜನೆಗಳಿಗೆ ರಾಜ್ಯದಿಂದ ರಾಜ್ಯಕ್ಕೆ ಕರೆಂಟು ಸಾಗಿಸುವ ಶುಲ್ಕ ಮಾಫಿ ಮಾಡಿತ್ತು. ಅಂದರೆ ರೋಣದ ಗಾಳಿಯನ್ನು ಸಾವಿರ ಮೈಲಿ ಆಚೆ ಒಯ್ದು ಮಾರುವುದಕ್ಕೆ ಬಾಡಿಗೆ ಇಲ್ಲ. ಗಡುವಿನ ಮುಂಚೆ ಅಷ್ಟು ಅವಸರದಲ್ಲಿ ಕಂಬ ಎದ್ದದ್ದಕ್ಕೆ ಇದೂ ಒಂದು ಕಾರಣ. ನಮ್ಮ ಕಡಲೆ ರೋಣದ ಎಪಿಎಂಸಿಗೆ ಹೋಗಬೇಕಾದರೆ ಟ್ರಾಕ್ಟರಿಗೆ ಬಾಡಿಗೆ ಕೊಡುತ್ತೇವೆ.

ಇದು ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯನ್ನು ಬೀಳಿಸಿ ಕರೆಂಟು ತೆಗೆದರಲ್ಲ, ಅದು ಮೊದಲು ಯಾರ ಮನೆ ಬೆಳಗಿತು? ಯಾರ ಮನೆಯನ್ನೂ ಅಲ್ಲ. ತೊಂಬತ್ತು ಮೈಲಿ ಆಚೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬ್ರಿಟಿಷ್ ಕಂಪನಿಗೆ ಚಿನ್ನ ಬೇಕಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಗಣಿಯೊಳಗೆ ಇಳಿದು ದೂಳು ಕುಡಿದವರು ಬಹುಪಾಲು ದಲಿತರು. ಕರೆಂಟಿನ ಇತಿಹಾಸವನ್ನು ಮಹಾರಾಜರ, ದಿವಾನರ ಇತಿಹಾಸವಾಗಿ ಬರೆದವರು ಒಂದು ಸಲ ಆ ಗಣಿಯ ಬಾಯಿಯಿಂದ ಶುರು ಮಾಡಿ ಬರೆಯಲಿ.

ಇಂಧನ ಭದ್ರತೆ ಅಂತ ಈಗ ದೊಡ್ಡ ಶಬ್ದವೊಂದು ನಡೆದಿದೆ. ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದ ತರಿಸುತ್ತದೆ, ಎಲ್ಲೋ ಯುದ್ಧವಾದರೆ ಇಲ್ಲಿ ಉಸಿರು ಕಟ್ಟುತ್ತದೆ, ಅದಕ್ಕೇ ಗಾಳಿ ಬಿಸಿಲು ಬೇಕು ಅನ್ನುವ ವಾದ. ಒಪ್ಪಿದೆವು. ಆದರೆ ಭದ್ರತೆ ಅನ್ನುವುದು ದಿಲ್ಲಿಯಲ್ಲಿ ಒಂದು, ಕೇರಿಯಲ್ಲಿ ಒಂದು ಆಗಬಾರದಲ್ಲ? ನಮ್ಮವ್ವನ ಇಂಧನ ಭದ್ರತೆ ಏನು ಗೊತ್ತೇ? ಹತ್ತಿ ಬಿಡಿಸಿದ ಮೇಲೆ ಧಣಿಯ ಹೊಲದ ಹತ್ತಿ ಕಟಗಿ ಕೀಳಲಿಕ್ಕೆ ಬಿಡುತ್ತಾನೋ ಇಲ್ಲವೋ ಅನ್ನುವುದು. ಬಿಟ್ಟರೆ ಮಳೆಗಾಲಕ್ಕೆ ಒಲೆ ಉರಿಯುತ್ತದೆ. ಆ ಕಟಗಿಗಾಗಿ ಅವಳು ಧಣಿಯ ಮನೆಯ ಅಂಗಳ ಎರಡು ದಿನ ಬಿಟ್ಟಿ ಸಾರಿಸಿ ಬರುತ್ತಾಳೆ. ಸಿಲಿಂಡರ್ ಇದೆ, ಉಜ್ವಲದ್ದು, ಮೂಲೆಯಲ್ಲಿದೆ. ಅದರ ಮೇಲೆ ಅರಿವೆ ಹೊದಿಸಿ ದೇವರ ಹಾಗೆ ಇಟ್ಟಿದ್ದಾಳೆ. ತುಂಬಿಸಲಿಕ್ಕೆ ರೊಕ್ಕ ಇದ್ದ ತಿಂಗಳು ಚಾಕ್ಕೆ ಮಾತ್ರ ಹಚ್ಚುತ್ತಾಳೆ, ರೊಟ್ಟಿಗೆ ಇಲ್ಲ. ಒಬ್ಬ ಹೆಂಗಸಿನ ಒಲೆಯ ಬೆಂಕಿ ಇನ್ನೊಬ್ಬನ ಮರ್ಜಿಯ ಮೇಲೆ ನಿಂತಿದ್ದರೆ ಅದಕ್ಕಿಂತ ದೊಡ್ಡ ಅಭದ್ರತೆ ಯಾವುದು?

2023ರ ಗೃಹಜ್ಯೋತಿಯಿಂದ ನಮ್ಮ ಮನೆಗಳ ಬಿಲ್ಲು ಸೊನ್ನೆಯಾಯಿತು. ಮನೆಗೊಂದು ಭಾಗ್ಯಜ್ಯೋತಿ ಬಲ್ಬಿನ ಕೆಳಗೆ ಓದಿದ ನಮಗೆ ಅದು ಸಣ್ಣ ಮಾತಲ್ಲ. ಆದರೆ ಪಂಪ್‌ಸೆಟ್ಟಿನ ಉಚಿತ ಕರೆಂಟು? ಅದು 10 ಎಚ್‌ಪಿವರೆಗಿನ ಬಾವಿ ಇದ್ದವನಿಗೆ. ಬಾವಿ ಹೊಲ ಇದ್ದವನಿಗೆ. 2024ರಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆ ಮೇಲೆ ಪಲಕ ಹಾಕಿಸಿದರೆ 78,000 ರೂಪಾಯಿವರೆಗೆ ಸಹಾಯಧನ. ಮಾಳಿಗೆ ಎಲ್ಲಿದೆ? ಕಲ್ಲು ಹೇರಿದ ತಗಡಿನ ಮೇಲೆ ಸೂರ್ಯನನ್ನು ಎಲ್ಲಿ ಕೂರಿಸುವುದು? ಬಿಸಿಲಿಗೆ ಮಾಳಿಗೆ ಬೇಕು, ಗಾಳಿಗೆ ಉತಾರ ಬೇಕು, ನೀರಿಗೆ ಬಾವಿ ಬೇಕು. ಎಂದೂ ಮುಗಿಯದ ಇಂಧನ ಅಂತ ಶಾಲೆಯಲ್ಲಿ ಕಲಿತ ಮೂರೂ ನಮ್ಮ ಕೇರಿಯ ಬಾಗಿಲಿಗೆ ಬರುವಷ್ಟರಲ್ಲಿ ಮುಗಿದಿರುತ್ತವೆ.

2023ರ ಬರದಲ್ಲಿ ಇನ್ನೊಂದು ಆಟ ನೋಡಿದೆವು. ರಾಜ್ಯದಲ್ಲಿ ಕರೆಂಟು ಸಾಲದೆ, ಅಕ್ಟೋಬರಿನಲ್ಲಿ ಸರಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಎತ್ತಿಕೊಂಡು, ಇಲ್ಲಿನ ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕು ಅಂತ ಆಜ್ಞೆ ಮಾಡಿತು. ಅಂದರೆ ಸರಕಾರಕ್ಕೆ ಮನಸ್ಸಾದರೆ ‘ಇದು ಬರೀ ಇಬ್ಬರ ವ್ಯವಹಾರ ಅಲ್ಲ’ ಅಂತ ಹೇಳಲಿಕ್ಕೆ ಬರುತ್ತದೆ. ಕತ್ತಲು ಬೆಂಗಳೂರಿಗೆ ಬಂದಾಗ ಹೇಳಲಿಕ್ಕೆ ಬರುವ ಮಾತು, ಗೆಳೆಯನ ಅಪ್ಪನ ಕಡಲೆ ಮಣ್ಣಾದಾಗ ಯಾಕೆ ಬರುವುದಿಲ್ಲ?

ಈಗ ನಮ್ಮ ನರಗುಂದದ ಗೆಳೆಯರಿಗೆ ಒಂದು ಮಾತು. ಸಿಟ್ಟಾಗಬೇಡಿ. 1980ರ ಜುಲೈ 21, ನಿಮ್ಮ ಹಾಗೆ ನಾವೂ ಆ ದಿನ ಹುತಾತ್ಮರ ಕಲ್ಲಿಗೆ ಹೂ ಇಡುತ್ತೇವೆ. ಮಲಪ್ರಭೆಯ ಕಾಲುವೆಯಲ್ಲಿ ನೀರು ಸರಿಯಾಗಿ ಬರುವ ಮುಂಚೆಯೇ ಅಭಿವೃದ್ಧಿ ಕರ ಕಟ್ಟು ಅಂದ ಸರಕಾರದ ಎದುರು ನಿಂತು ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅತ್ತ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಎದೆ ಕೊಟ್ಟರು. ಕರ್ನಾಟಕದ ರೈತ ಚಳವಳಿ ಆ ರಕ್ತದಿಂದ ಮೇಲೆದ್ದಿತು. ನಮ್ಮ ಪ್ರಶ್ನೆ ಅವರಿಗಲ್ಲ, ಅವರ ಹೆಸರು ಹೇಳುವವರಿಗೆ. ನೀರಿಗೆ ಕರ ಹಾಕಿದಾಗ ಬೀದಿಗಿಳಿದವರು, ಗಾಳಿಗೆ ಬಾಡಿಗೆ ಬಂದಾಗ ಮನೆಯೊಳಗೆ ಎಣಿಸುತ್ತ ಕೂತದ್ದು ಯಾಕೆ? 2015ರಿಂದ ಮಹದಾಯಿಗಾಗಿ ಚಪ್ಪರ ಹಾಕಿ ಕೂತಿರಿ, ‘ನೀರು ಎಲ್ಲರದು’ ಅಂದಿರಿ, ನಾವೂ ಬಂದು ಕೂತೆವು. ನೀರು ಎಲ್ಲರದಾದರೆ ಗಾಳಿ ಯಾರದು? ಎರಡೆಕರೆ ರೈತನಿಗೆ ಫ್ಯಾನಿನಿಂದ ನಾಲ್ಕು ಕಾಸು ಬಂದರೆ ನಮಗೆ ಹೊಟ್ಟೆಕಿಚ್ಚಿಲ್ಲ. ಸಾಲದ ಬಾಯಿಂದ ಒಂದು ಮನೆ ಉಳಿಯಿತು ಅಂದುಕೊಳ್ಳುತ್ತೇವೆ. ಆದರೆ ಕಂಪನಿ ಬಾಡಿಗೆ ಕೊಡುವುದು ಮಣ್ಣಿಗಲ್ಲ. ಅದೇ ಮಣ್ಣು ಗಾಳಿ ಇಲ್ಲದ ಕಡೆ ಇದ್ದಿದ್ದರೆ ಯಾವ ಕಂಪನಿ ಬರುತ್ತಿತ್ತು? ಬಾಡಿಗೆ ಗಾಳಿಗೆ. ಗಾಳಿ ಯಾವ ಗೌಡನ ಅಪ್ಪ ಸಂಪಾದಿಸಿದ ಆಸ್ತಿ?

ಪಾವಗಡಕ್ಕೆ ಹೋಗಿ ನೋಡಿ ಅಂತ ಕೆಲವರು ಹೇಳುತ್ತಾರೆ. ತುಮಕೂರು ಜಿಲ್ಲೆಯ ಬರಗಾಡಿನಲ್ಲಿ ಸುಮಾರು 13,000 ಎಕರೆಯ ಸೌರ ಪಾರ್ಕು, 2,050 ಮೆಗಾವಾಟ್. ಜಮೀನು ಕಿತ್ತುಕೊಳ್ಳಲಿಲ್ಲ, ಬಾಡಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಮಾದರಿ ಯೋಜನೆ ಅಂತ ಹೊಗಳಿಕೆ. ಬೆಳೆ ಇಲ್ಲದ ವರ್ಷಗಳಿಗಿಂತ ಎಷ್ಟೋ ಪಾಲು ವಾಸಿ ಅಂದ ರೈತರೂ ಅಲ್ಲಿದ್ದಾರೆ. ಆದರೆ ಆ 13,000 ಎಕರೆಯಲ್ಲಿ ಶೇಂಗಾ ಕೀಳುತ್ತಿದ್ದ ಕೂಲಿಯವರು, ಅದರ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದವರು? ಅವರಿಗೆ ಎಕರೆಯೂ ಇಲ್ಲ, ಬಾಡಿಗೆಯೂ ಇಲ್ಲ, ಈಗ ಕೂಲಿಯೂ ಇಲ್ಲ. ಬೇಲಿ ಬಂತು. ಫ್ಯಾನಿನ ಕೆಳಗೆ ಬೇಸಾಯ ನಡೆಯುತ್ತದೆ, ಅಷ್ಟರ ಮಟ್ಟಿಗೆ ನಮ್ಮ ಸ್ಥಿತಿ ವಾಸಿ. ಆದರೆ ಬಿಸಿಲಿನ ಕಂಪನಿಗಳ ಕಣ್ಣು ಗದಗದ ಮೇಲೂ ಬಿದ್ದಿದೆ. 2,500 ಮೆಗಾವಾಟಿನ ಸೌರ ವಲಯವೆಂದು ಗದಗವನ್ನು ಗುರುತಿಸಿ ದೊಡ್ಡ ತಂತಿಗಳ ಯೋಜನೆಯನ್ನೇ ಮಾಡಿದ್ದಾರೆ. 2020ರ ತಿದ್ದುಪಡಿಯ ನಂತರ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದು. ಗಜೇಂದ್ರಗಡದಿಂದ ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುವ ರಾತ್ರಿ ಬಸ್ಸಿನಲ್ಲಿ ಈಗಲೇ ನಿಲ್ಲಲು ಜಾಗವಿಲ್ಲ.

‘ಇವರು ಅಭಿವೃದ್ಧಿ ವಿರೋಧಿಗಳು’ ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ನಮ್ಮ ಹತ್ತಿರ ಒಂದೇ ಹೆಸರಿದೆ. 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರ ಕೈಯಲ್ಲಿ ನೀರಾವರಿಯೂ ಇತ್ತು, ವಿದ್ಯುತ್ತೂ ಇತ್ತು. ಇವತ್ತಿನ ಕೇಂದ್ರ ವಿದ್ಯುತ್ ಪ್ರಾಧಿಕಾರದ ಬೇರು ಹುಡುಕುತ್ತ ಹೋದರೆ ಅವರ ಕಾಲದ ತಾಂತ್ರಿಕ ವಿದ್ಯುತ್ ಮಂಡಲಿ ಸಿಗುತ್ತದೆ. ದಾಮೋದರ ಕಣಿವೆ ಯೋಜನೆಯ ತಳಪಾಯದಲ್ಲಿ ಅವರ ಬೆವರಿದೆ. ಅಗ್ಗದ, ಧಾರಾಳವಾದ ಕರೆಂಟು ಇಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಈ ದೇಶದ ಬಡತನ ಹೋಗುವುದಿಲ್ಲ ಅಂತ 1943ರಲ್ಲೇ ವಾದಿಸಿದವರು ಅವರು. ಆ ಕರೆಂಟು ಖಾಸಗಿಯವರ ಲಾಭಕ್ಕೆ ಬಿಡುವಂಥದ್ದಲ್ಲ, ಸರಕಾರದ ಹೊಣೆ ಅಂದವರೂ ಅವರೇ. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಇನ್ನೂ ಮುಂದೆ ಹೋದರು. ಮೂಲ ಕೈಗಾರಿಕೆಗಳ ಜೊತೆಗೆ ಬೇಸಾಯವೂ ಸರಕಾರದ ಕೈಗೆ ಬರಬೇಕು, ಜಾತಿ ನೋಡದೆ ಊರವರಿಗೆ ಹೊಲ ಹಂಚಬೇಕು, ಒಡೆಯನೂ ಗೇಣಿದಾರನೂ ಭೂಹೀನನೂ ಇಲ್ಲದ ಹಾಗೆ. ಕರೆಂಟಿನ ಮಾತು ಮತ್ತು ಹೊಲದ ಮಾತು ಅವರಿಗೆ ಒಂದೇ ಮಾತಾಗಿತ್ತು. ನಮ್ಮ ಕಾಲ ಕರೆಂಟಿನ ಮಾತನ್ನು ಇಟ್ಟುಕೊಂಡಿತು, ಹೊಲದ ಮಾತನ್ನು ಬಿಸಾಡಿತು. ಅಭಿವೃದ್ಧಿ ವಿರೋಧಿ ಯಾರು?

ಹಾಗಾದರೆ ಏನು ಬೇಕು ನಿಮಗೆ ಅಂತ ಕೇಳುತ್ತೀರಿ. ಲೆಕ್ಕ ಇಟ್ಟೇ ಹೇಳುತ್ತೇವೆ. 2 ಮೆಗಾವಾಟಿನ ಒಂದು ಫ್ಯಾನ್ ವರ್ಷದ ಹೊತ್ತಿನಲ್ಲಿ ನೂರಕ್ಕೆ ಮೂವತ್ತರಷ್ಟು ದುಡಿದರೂ, ಒಳ್ಳೆಯ ಗಾಳಿಯ ಜಾಗದಲ್ಲಿ ಅದು ಹೆಚ್ಚೇನಲ್ಲ, 52 ಲಕ್ಷ ಯೂನಿಟ್ಟಿನ ಮೇಲೆ ಕರೆಂಟು ಕೊಡುತ್ತದೆ. ಯೂನಿಟ್ಟಿಗೆ ಮೂರು ರೂಪಾಯಿ ಹಿಡಿಯಿರಿ, ಒಂದೂವರೆ ಕೋಟಿ ಮೀರುತ್ತದೆ. ಅದರಲ್ಲಿ ಯೂನಿಟ್ಟಿಗೆ ಹತ್ತು ಪೈಸೆ, ಬರೀ ಹತ್ತು ಪೈಸೆ, ಆ ಊರಿನ ಭೂಹೀನರ ಹೆಸರಿಗೆ ತೆಗೆದಿಡಲಿ. ಒಂದು ಫ್ಯಾನಿಗೆ ವರ್ಷಕ್ಕೆ 5 ಲಕ್ಷ 20 ಸಾವಿರದ ಮೇಲಾಯಿತು. ಹತ್ತು ಫ್ಯಾನ್ ಇರುವ ಊರಲ್ಲಿ 52 ಲಕ್ಷ. ಇದು ಭಿಕ್ಷೆಯಲ್ಲ, ಹೊಸ ಹುಚ್ಚೂ ಅಲ್ಲ. ಗಣಿ ಇರುವ ಜಿಲ್ಲೆಗಳಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಕಡ್ಡಾಯ. ಜಲವಿದ್ಯುತ್ತಿಗೆ 2008ರ ಕೇಂದ್ರ ನೀತಿಯಲ್ಲಿ ಸ್ಥಳೀಯ ಪ್ರದೇಶದ ಅಭಿವೃದ್ಧಿಗೆ ನೂರಕ್ಕೆ ಒಂದು ಪಾಲು ಕರೆಂಟು. ಹೊಗೆಯ ಕಲ್ಲಿದ್ದಲು ಕೊಡುತ್ತದೆ, ಊರು ಮುಳುಗಿಸುವ ಅಣೆಕಟ್ಟು ಕೊಡುತ್ತದೆ. ಶುದ್ಧ ಗಾಳಿಗೆ ಅಂಥದ್ದೊಂದು ಕೇಂದ್ರದ ಕಾಯ್ದೆಯೇ ಇಲ್ಲ.

ಊರೇ ಫ್ಯಾನಿನ ಒಡೆಯನಾದರೆ? ಕನಸಲ್ಲ. ಕೊಯಮತ್ತೂರು ಜಿಲ್ಲೆಯ ಒಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ ಸಾಲ ಎತ್ತಿ 350 ಕಿಲೋವಾಟಿನ ಗಾಳಿಯಂತ್ರ ಹಾಕಿಸಿತು. ಪಂಚಾಯಿತಿಗೆ ಬೇಕಾದ ಕರೆಂಟು ಬಳಸಿ ಮಿಕ್ಕದ್ದನ್ನು ತಮಿಳುನಾಡಿನ ವಿದ್ಯುತ್ ಮಂಡಳಿಗೆ ಮಾರಿತು. ದೂರದ ಡೆನ್ಮಾರ್ಕಿನಲ್ಲಿ ಕೋಪನ್‌ಹೇಗನ್ ದಡದ ಸಮುದ್ರದಲ್ಲಿ ನಿಂತ ಇಪ್ಪತ್ತು ಫ್ಯಾನುಗಳ ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಜನಸಾಮಾನ್ಯರ ಸಹಕಾರಿ ಸಂಘದ್ದಾಗಿತ್ತು. ಗಜೇಂದ್ರಗಡದ ನೇಕಾರರಿಗೆ ಸಹಕಾರಿ ಸಂಘ ಅಂದರೆ ಏನು ಅಂತ ಡೆನ್ಮಾರ್ಕಿನವರು ಬಂದು ಕಲಿಸಬೇಕಾಗಿಲ್ಲ.

ಕಾಯ್ದೆ ಬರುವತನಕ ಕೈಕಟ್ಟಿ ಕೂರಬೇಕಾಗಿಲ್ಲ ಗೆಳೆಯರೆ. ನಮ್ಮ ಕೈಯಲ್ಲಿ ಈಗಲೇ ಒಂದು ಆಯುಧವಿದೆ. 1978ರ ಪಿಟಿಸಿಎಲ್ ಕಾಯ್ದೆ. ಸರಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಕಾಯ್ದೆಯಲ್ಲಿ ಪರಭಾರೆ ಅಂದರೆ ಮಾರಾಟ ಒಂದೇ ಅಲ್ಲ, ಗುತ್ತಿಗೆಯೂ ಸೇರಿದೆ. ಮಂಜೂರಾದ ಹೊಲದಲ್ಲಿ ಅನುಮತಿ ಇಲ್ಲದೆ ಫ್ಯಾನಿನ ಬಾಡಿಗೆ ಕರಾರು ಆಗಿದ್ದರೆ ಅದಕ್ಕೆ ಕಾಲು ಇಲ್ಲ. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿಹಾಕುತ್ತಿದ್ದರು, 2023ರ ತಿದ್ದುಪಡಿ ಕಾಲಮಿತಿಯ ಆ ಮಾತನ್ನು ತೆಗೆದುಹಾಕಿದೆ. ನಮ್ಮವರ ಎಷ್ಟು ಮಂಜೂರಿ ಹೊಲಗಳು ಯಾರ ಯಾರ ಕೈ ಸೇರಿ ಈಗ ಅವುಗಳಲ್ಲಿ ಕಂಬ ನಿಂತಿವೆ? ಹಳೆಯ ಮಂಜೂರಿ ಪತ್ರ ಟ್ರಂಕಿನಲ್ಲಿದೆಯೇ ನೋಡ್ರಿ. ಇಲ್ಲದಿದ್ದರೆ ತಹಶೀಲ್ದಾರ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ. ಓದಿದ ನಾವು ಇದಕ್ಕೂ ಬಾರದಿದ್ದರೆ ಓದಿದ್ದು ಯಾಕೆ?

ಹಳ್ಳಿಯ ಮಾಸ್ತರರಲ್ಲಿ ಒಂದು ಕೇಳಿಕೆ. ಇಂಧನದ ಪಾಠ ಮಾಡುವಾಗ ಮಕ್ಕಳನ್ನು ಹತ್ತಿರದ ಫ್ಯಾನಿನ ಬುಡಕ್ಕೆ ಕರೆದುಕೊಂಡು ಹೋಗಿ. ರೆಕ್ಕೆ ತೋರಿಸಿ, ಜನರೇಟರ್ ಹೇಗೆ ತಿರುಗುತ್ತದೆ ಹೇಳಿ. ಆಮೇಲೆ ಸರ್ವೆ ನಂಬರ್ ಎಷ್ಟು, ಇಲ್ಲಿ ಯಾರು ಉಳುತ್ತಾರೆ, ಯಾರು ಕಳೆ ತೆಗೆಯುತ್ತಾರೆ, ಬಾಡಿಗೆ ಯಾರಿಗೆ ಅಂತ ಅವರಿಂದಲೇ ಬರೆಸಿ. ಮೂರು ಕಾಲಂ ಸಾಕು. ಮೇಲಿನಿಂದ ಯಾರಾದರೂ ಇದು ಸಿಲಬಸ್ಸಿನಲ್ಲಿಲ್ಲ ಅಂದರೆ, ಊರಿನಲ್ಲಿದೆ ಅನ್ನಿ.

ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ನಾವು ಹೋಗುವವರಿದ್ದೇವೆ. ಗೆಳೆಯನ ಅಪ್ಪ ಬರುತ್ತಾನೆ, ಲಾವಣಿ ಬಿಡಿಸಿಯಾನು ಅಂತ ಹೆದರುತ್ತಲೇ ಬರುತ್ತಾನೆ. ಹತ್ತಿ ಕಟಗಿಗೆ ಅಂಗಳ ಸಾರಿಸುವ ಅವ್ವಂದಿರು ಬರುತ್ತಾರೆ. ಊರಿನ ಪ್ರತಿ ಫ್ಯಾನಿನ ಸರ್ವೆ ನಂಬರ್, ಕರಾರಿನ ಪ್ರತಿ, ಬೆಳೆ ಪರಿಹಾರ ಪಡೆದವರ ಪಟ್ಟಿ, ಇವಿಷ್ಟನ್ನು ಸಭೆಯಲ್ಲಿ ಓದಿ ಹೇಳಬೇಕು ಅಂತ ಬರೆದುಕೊಟ್ಟಿದ್ದೇವೆ. ಓದದಿದ್ದರೆ ಆ ಮುದುಕಿ ಎದ್ದು ನಿಂತು ತನ್ನ ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಮೈಕು ಬೇಡ.